ಅಂಚೆಚೀಟಿಯ ಕಾಗದದೋಷಗಳ ಪರೀಕ್ಷೆ

ಅಂಚೆಚೀಟಿಗಳ ಸಂಗ್ರಹವೆಂದರೆ ಬಣ್ಣದ ಚಿತ್ರಗಳನ್ನು ಪುಸ್ತಕದಲ್ಲಿ ಅಂಟಿಸಿಡುವ ಬಾಲವಿನೋದವೆಂದು ಭಾವಿಸುವವರೇ ಬಹುಮಂದಿ. ಆದರೆ ಚೀಟಿಯ ಬೆಲೆಯನ್ನು ನಿರ್ಣಯಿಸುವಲ್ಲಿ ಮುಖದ ಚಿತ್ರದಷ್ಟೇ ಬೆನ್ನಿನ ಕಾಗದವೂ ಸಾಕ್ಷಿಯಾಗುತ್ತದೆ. ಎದುರಿನಿಂದ ನಿಷ್ಕಳಂಕವಾಗಿ ತೋರುವ ಹಳೆಯ ಚೀಟಿಯೊಂದು ಬೆನ್ನಿನಲ್ಲಿ ಪದರ ಕಿತ್ತುಹೋಗಿ ತನ್ನ ಬೆಲೆಯ ಬಹುಭಾಗವನ್ನು ಕಳೆದುಕೊಂಡಿರುವುದುಂಟು. ಹಿರಿಯರ ಸಂಗ್ರಹವನ್ನು ಕೊಡುವವರಾಗಲಿ, ಕೊಳ್ಳುವವರಾಗಲಿ, ವಿದ್ಯಾರ್ಥಿಗಳ ವಿನಿಮಯವನ್ನು ನೋಡಿಕೊಳ್ಳುವ ಉಪಾಧ್ಯಾಯರಾಗಲಿ ಇದನ್ನರಿಯದಿದ್ದರೆ ಮೋಸಹೋಗುವರು. ಕೆಲವೊಮ್ಮೆ ತಿಳಿಯದೆಯೇ ಮೋಸ ಮಾಡುವರು.

ದೋಷಗಳಲ್ಲಿ ಎರಡು ಬಗೆ. ಕಾಗದ ತಯಾರಾಗುವಾಗ ಇಲ್ಲವೆ ಮುದ್ರಣದ ವೇಳೆ ಬಂದವು ಸಹಜ. ಆಮೇಲೆ ಜನರ ಕೈಯಲ್ಲಿ ಒದಗಿದವು ಆಗಂತುಕ. ತಾಳೆಗರಿಗಳನ್ನು ಓದಿ ಬಲ್ಲವರಿಗೆ ಈ ಭೇದ ಹೊಸತಲ್ಲ. ಗರಿಯಲ್ಲಿ ಮೊದಲೇ ತೂತಿದ್ದರೆ ಲಿಪಿಕಾರನು ಅದನ್ನು ಬಿಟ್ಟು ಮುಂದೆ ಬರೆಯುತ್ತಾನೆ, ಅಕ್ಷರ ನಷ್ಟವಾಗುವುದಿಲ್ಲ. ಹುಳು ಕೊರೆದ ತೂತಾದರೋ ಅಕ್ಷರವನ್ನೇ ನುಂಗಿರುತ್ತದೆ. ಚೀಟಿಯ ಮಡಿಕೆಗೂ ಅದೇ ನ್ಯಾಯ. ಹಾಳೆ ಮುದ್ರಣಕ್ಕೆ ಮೊದಲೇ ಮಡಿಸಿಕೊಂಡಿದ್ದರೆ, ಬಿಡಿಸಿದಾಗ ಚಿತ್ರದ ನಡುವೆ ಮಸಿ ಸೋಕದ ಬಿಳಿಯ ಪಟ್ಟಿ ಕಾಣುತ್ತದೆ. ಇಂಥದನ್ನು ಸಂಗ್ರಾಹಕರು ಅರಸಿ ಕೊಳ್ಳುತ್ತಾರೆ. ಮುದ್ರಣದ ಅನಂತರ ಬಿದ್ದ ಮಡಿಕೆಯಲ್ಲಿ ಚಿತ್ರ ಎಲ್ಲಿಯೂ ಸರಿದಿರುವುದಿಲ್ಲ. ಮಡಿಕೆಯ ಏಣಿನಲ್ಲಿ ಮಸಿ ಬಿರಿದಿರುತ್ತದೆ, ಅಷ್ಟೆ. ಮೊದಲನೆಯದು ವೈಶಿಷ್ಟ್ಯ, ಎರಡನೆಯದು ಬರಿಯ ಗಾಯ.

ಗಾಯಗಳಲ್ಲಿ ಅತಿ ಸಾಮಾನ್ಯವಾದುದು ತೆಳುವು. ಆಲ್ಬಮ್ಮಿಗೆ ಅಂಟಿಸುವ ಹಿಂಜೆಂಬ ಸಣ್ಣ ಕಾಗದವನ್ನು ಹಸಿಯಾಗಿರುವಾಗಲೇ ಕಿತ್ತರೆ, ಅಥವಾ ಲಕೋಟೆಯ ಚೀಟಿಯನ್ನು ನೆನೆಸದೆ ಎಳೆದರೆ, ಕಾಗದದ ಒಂದು ಪದರ ಅದರೊಡನೆ ಹೋಗುತ್ತದೆ. ಬೆಳಕಿಗೆ ಹಿಡಿದಾಗ ಆ ಸ್ಥಳ ಉಳಿದುದಕ್ಕಿಂತ ಬೆಳ್ಳಗೆ ತೋರುತ್ತದೆ. ಇದಕ್ಕಿಂತ ಖಚಿತವಾದುದು ಕಪ್ಪು ತಟ್ಟೆಯ ಪರೀಕ್ಷೆ. ಚೀಟಿಯನ್ನು ಮುಖ ಕೆಳಗಾಗಿ ಇಟ್ಟು, ಈ ಕೆಲಸಕ್ಕೆಂದೇ ದೊರೆಯುವ ವಾಟರ್‌ಮಾರ್ಕ್ ದ್ರವದ ಕೆಲವು ಹನಿಗಳನ್ನು ಬಿಡಬೇಕು. ದ್ರವ ಹೀರಿದ ಕಾಗದ ಪಾರದರ್ಶಕಪ್ರಾಯವಾಗಿ, ತೆಳುವಾದೆಡೆಯಲ್ಲಿ ತಟ್ಟೆಯ ಕಪ್ಪು ಹೆಚ್ಚಾಗಿ ಕಾಣುತ್ತದೆ. ಮಡಿಕೆ ಕಪ್ಪು ಗೆರೆಯಾಗುತ್ತದೆ. ಮುಚ್ಚಿದ ಹರಕು ಬಯಲಾಗುತ್ತದೆ. ಕೆಲವು ಫೋಟೋಗ್ರಾವ್ಯೂರ್ ಮಸಿಗಳು ಈ ದ್ರವದಲ್ಲಿ ಕರಗುವುದರಿಂದ ಎಚ್ಚರ ಬೇಕು. ದೀಪವಂತೂ ಹತ್ತಿರ ಸುಳಿಯಬಾರದು.

ಇಲ್ಲೊಂದು ಸ್ವಾರಸ್ಯವಿದೆ. ವಾಟರ್‌ಮಾರ್ಕ್ ಎಂಬುದೂ ಕಾಗದ ಮಾಡುವವನು ಉದ್ದೇಶಪೂರ್ವಕವಾಗಿ ಉಂಟುಮಾಡಿದ ತೆಳುವೇ! 1865ರ ಭಾರತೀಯ ಚೀಟಿಗಳಲ್ಲಿ ಆನೆಯ ತಲೆ, 1882ರಿಂದ ನಕ್ಷತ್ರ ಹೀಗೆಯೇ ಮೂಡುತ್ತವೆ. ಅವುಗಳಿಗೆ ನಿಶ್ಚಿತ ಆಕಾರವಿದೆ, ಗಾಯಕ್ಕೆ ಆಕಾರವಿಲ್ಲ. 1854ರ ಚೀಟಿಗಳಲ್ಲಿ ಮಾತ್ರ ಈ ನಿಯಮ ಸುಲಭವಾಗಿ ಹೊಂದದು. ಅಲ್ಲಿ ಕಂಪೆನಿಯ ಲಾಂಛನ ಇಡೀ ಹಾಳೆಯ ಮೇಲೆ ಹರಡಿರುವುದರಿಂದ ಒಂದು ಚೀಟಿಯ ಪಾಲಿಗೆ ಲಾಂಛನದ ತುಣುಕು ಬರಬಹುದು, ಏನೂ ಬಾರದಿರಲೂಬಹುದು. ಆ ಒಂಟಿ ಗೆರೆಯನ್ನು ತೆಳುವೆಂದು ತಿಳಿದು ಒಳ್ಳೆಯ ಚೀಟಿಯನ್ನು ತಳ್ಳಿಹಾಕಬಾರದು.

ದೋಷಕ್ಕಿಂತ ದೊಡ್ಡ ದೋಷ ಅದನ್ನು ಮರೆಮಾಡುವುದು. ಕಿತ್ತ ಪದರಕ್ಕೆ ನಾರು ತುಂಬಿ ಮೇಲೆ ಹೊಸ ಗೋಂದು ಬಳಿಯುವ ಚತುರರಿದ್ದಾರೆ. ಸಾಮಾನ್ಯವಾಗಿ ಹಾಳೆಗೆ ಗೋಂದು ಹಚ್ಚಿದ ಮೇಲೆ ಅಂಚಿನ ರಂಧ್ರಗಳನ್ನು ಹಾಕುವುದರಿಂದ, ಬಿಡಿಸಿದ ಚೀಟಿಯ ಹಲ್ಲುಗಳ ತುದಿಯ ನಾರು ಮೃದುವಾಗಿರುತ್ತದೆ. ಮರುಗೋಂದು ಹಚ್ಚಿದುದರಲ್ಲಿ ಅದು ಗೋಂದು ಹಿಡಿದು ಗಡುಸಾಗಿರುತ್ತದೆ. ಭೂತಗನ್ನಡಿಯಲ್ಲಿ ಇದು ತಿಳಿಯುತ್ತದೆ. ಹಳೆಯ ಕಾಗದಕ್ಕೆ ಈಚಿನ ಬಿಳುಪುಗೊಳಿಸಿದ ಕಾಗದದ ತೇಪೆ ಹಾಕಿದ್ದರೆ ನೇರಳಾತೀತ ದೀಪದಡಿ ತೇಪೆ ನೀಲಿಯಾಗಿ ಹೊಳೆಯುತ್ತದೆ.

ಎಲ್ಲ ದೋಷವೂ ಚೀಟಿಯನ್ನು ತ್ಯಾಜ್ಯವಾಗಿಸುವುದಿಲ್ಲ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಚೀಟಿ ಮೂಲೆಗಳನ್ನು ಕತ್ತರಿಸಿಕೊಂಡು ಮೈ ಸವೆದಿದ್ದರೂ, ಜಗತ್ತಿನಲ್ಲಿ ಒಂದೇ ಎಂಬ ಕಾರಣದಿಂದ 2021ರಲ್ಲಿ 83 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. 1852ರ ಸಿಂಧ್ ಡಾಕಿನ ಕೆಂಪು ಚೀಟಿ ಅರಗಿನಂಥ ಬಿಲ್ಲೆಯಾದುದರಿಂದ ಬಿರಿಯುವುದು ಅದರ ಜನ್ಮಸ್ವಭಾವ. ಅಲ್ಲಿ ಬಿರುಕನ್ನು ಕ್ಷಮಿಸಲೇಬೇಕು. ಹೇರಳವಾಗಿ ಅಚ್ಚಾದ ಚೀಟಿಗೆ ಈ ಕರುಣೆ ಸಲ್ಲದು.

ನಮ್ಮ ಹವೆಯಲ್ಲಿ ವಿಶೇಷವಾಗಿ ಕಾಡುವುದು ಬೂಷ್ಟಿನ ಕಂದು ಚುಕ್ಕೆ. ಅದು ಮೊದಲು ಹಲ್ಲುಗಳ ತುದಿಯಲ್ಲಿ ಕಾಣಿಸಿಕೊಂಡು, ಪಕ್ಕದ ಚೀಟಿಗಳಿಗೂ ಹಬ್ಬುತ್ತದೆ. ತಗುಲಿದುದನ್ನು ಒಡನೆಯೇ ಬೇರೆಯಿಡಬೇಕು. ಸೆಲ್ಲೋಟೇಪನ್ನು ಚೀಟಿಯ ಹತ್ತಿರಕ್ಕೂ ತರಬಾರದು. ಅದರ ಅಂಟು ಕಾಗದಕ್ಕೆ ಇಳಿದು ಬಿಟ್ಟ ಹಳದಿ ಕಲೆ ಹೋಗುವುದು ದುಸ್ತರ. ಮಳೆಗಾಲದಲ್ಲಿ ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸದೆ, ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿ, ಒಣಹವೆಯ ದಿನ ಪುಟಗಳನ್ನು ಬಿಡಿಸಿ ಗಾಳಿಯಾಡಿಸುವುದು ವಾಡಿಕೆ.