ಎಚ್‌ಐವಿ ಗುಳಿಗೆ ನಾಟದಂತಾಗುವುದು ಯಾಕೆ?

ಪ್ರಶ್ನೆ: ಎಚ್‌ಐವಿ ಹತೋಟಿಗೆ ಕೊಡುವ ಎಆರ್‌ಟಿ ಗುಳಿಗೆ ನುಂಗುತ್ತಿರುವ ಕೆಲವರಿಗೆ ವರ್ಷಗಳ ನಂತರ ‘ಇದು ನಾಟುತ್ತಿಲ್ಲ, ಬೇರೆ ಕೊಡುತ್ತೇವೆ’ ಎನ್ನುತ್ತಾರೆ. ದೇಹಕ್ಕೆ ಔಷಧ ರೂಢಿಯಾಗಿಬಿಡುತ್ತದೆಯೇ?
– ಓದುಗರೊಬ್ಬರು, ಸಿದ್ದಾಪುರ, ಕೊಪ್ಪಳ ಜಿಲ್ಲೆ

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಈ ಸಂಶಯ ಬಹಳ ಜನರಿಗಿದೆ. ರೂಢಿಯಾಗುವುದು ದೇಹಕ್ಕಲ್ಲ. ಬದಲಾಗುವುದು ದೇಹದೊಳಗಿನ ವೈರಸ್ಸು.

ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ಸುಗಳು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಸುಮಾರು 10,000 ಅಕ್ಷರಗಳ ವಂಶವಾಹಿ ಬರಹವನ್ನು ನಕಲು ಮಾಡಬೇಕು. ನಕಲು ಮಾಡುವ ಕಿಣ್ವ ತಪ್ಪುಗಳನ್ನು ತಿದ್ದುವುದಿಲ್ಲ. ಹೆಚ್ಚಿನ ತಪ್ಪುಗಳಿಂದ ವೈರಸ್ಸಿಗೇ ನಷ್ಟ. ಅಪರೂಪಕ್ಕೊಂದು ತಪ್ಪು ಮಾತ್ರ ಔಷಧ ಹಿಡಿಯಬೇಕಾದ ಜಾಗದ ಆಕಾರವನ್ನೇ ಬದಲಿಸಿಬಿಡುತ್ತದೆ. ಲ್ಯಾಮಿವುಡಿನ್ ಎಂಬ ಔಷಧಕ್ಕೆ ಬಗ್ಗದಿರಲು ಇಂಥ ಒಂದೇ ಬದಲಾವಣೆ ಸಾಕು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಈ ತಪ್ಪನ್ನು ಔಷಧ ಹುಟ್ಟಿಸುವುದಿಲ್ಲ. ಅದು ತಾನಾಗಿ ಆಗುತ್ತದೆ. ಔಷಧ ಆರಿಸುತ್ತದೆ, ಅಷ್ಟೆ. ನಿಮ್ಮ ಭತ್ತದ ಗದ್ದೆಗೆ ಒಂದೇ ಎಣ್ಣೆ ಪದೇ ಪದೇ ಹೊಡೆದರೆ ಅದನ್ನು ತಾಳಿಕೊಂಡ ಜಿಗಿಹುಳುಗಳು ಉಳಿದು ಮರಿ ಮಾಡುತ್ತವಲ್ಲ, ಹಾಗೆಯೇ.

1987ರಲ್ಲಿ ಬಂದ ಮೊದಲ ಔಷಧ ಎಜಡ್‌ಟಿಯನ್ನು ಒಂಟಿಯಾಗಿ ಕೊಟ್ಟಾಗ ಎರಡೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ವೈರಸ್ಸುಗಳು ಕಂಡವು. 1996ರ ಹೊತ್ತಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿ ಬಂತು. ಒಂದೇ ವೈರಸ್ಸಿನಲ್ಲಿ ಮೂರಕ್ಕೂ ಬಗ್ಗದ ಬದಲಾವಣೆಗಳು ಒಟ್ಟಿಗೇ ಮೂಡುವುದು ತೀರಾ ಅಪರೂಪ. ಮೇಲಾಗಿ ಮೂರೂ ಸರಿಯಾಗಿ ಸಿಕ್ಕರೆ ವೈರಸ್ಸು ಹೆಚ್ಚುವುದೇ ನಿಂತಂತಾಗುತ್ತದೆ. ನಕಲಿಲ್ಲದಿದ್ದರೆ ತಪ್ಪೂ ಇಲ್ಲ.

ಹಾಗಾದರೆ ಕೆಡುವುದೆಲ್ಲಿ? ಗುಳಿಗೆ ತಪ್ಪಿದಾಗ. ಗುಳೆ ಹೋದ ಊರಲ್ಲಿ ಗುಳಿಗೆ ಮುಗಿದರೆ ರಕ್ತದಲ್ಲಿ ಔಷಧದ ಮಟ್ಟ ಇಳಿಯುತ್ತದೆ. ವೈರಸ್ಸು ಹೆಚ್ಚುವಷ್ಟು ಕಡಿಮೆ, ಆದರೆ ಬಗ್ಗದವನ್ನು ಆರಿಸುವಷ್ಟು ಔಷಧ ಇರುವ ಈ ನಡುವಿನ ಸ್ಥಿತಿಯೇ ಅಪಾಯ. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಎಫಾವಿರೆಂಜ್, ಜೊತೆಯ ಔಷಧಗಳು ಕರಗಿದ ಮೇಲೂ ದಿನಗಟ್ಟಲೆ ರಕ್ತದಲ್ಲಿ ಉಳಿಯುತ್ತಿತ್ತು. ಆಗ ಅದು ಒಂಟಿ ಔಷಧದಂತೆಯೇ ಆಗುತ್ತಿತ್ತು. ಹೀಗೆ ಬೆಳೆದ ವೈರಸ್ಸು ಕೆಲವು ಜೀವಕೋಶಗಳಲ್ಲಿ ಅಡಗಿ ಕೂರುವುದರಿಂದ, ಗುಳಿಗೆ ಬಿಟ್ಟು ಮತ್ತೆ ಶುರು ಮಾಡಿದರೂ ತಿರುಗಿ ತಲೆ ಎತ್ತುತ್ತದೆ.

ಪ್ರತಿಸಲವೂ ರೋಗಿಯದೇ ತಪ್ಪೆಂದು ತಿಳಿಯಬೇಡಿ. ಕೆಲವರಿಗೆ ಸೋಂಕು ತಗಲುವಾಗಲೇ ಔಷಧಕ್ಕೆ ಬಗ್ಗದ ವೈರಸ್ಸು ಬಂದಿರುತ್ತದೆ.

ನಮ್ಮ ದೇಶದಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಈಗಿನ ಮುಖ್ಯ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್‌ಗೆ ಪ್ರತಿರೋಧ ಬೆಳೆಯುವುದು ಕಷ್ಟ, ಅಸಾಧ್ಯವೇನಲ್ಲ. ಆದ್ದರಿಂದ ವೈರಲ್ ಲೋಡ್ ಪರೀಕ್ಷೆ ತಪ್ಪಿಸಬಾರದು. ವೈರಸ್ಸಿನ ಪ್ರಮಾಣ ಏರಿದ್ದರೆ ಗುಳಿಗೆ ತಪ್ಪಿದೆಯೇ ಎಂದು ಮೊದಲು ವಿಚಾರಿಸಿ, ಮತ್ತೆ ಪರೀಕ್ಷಿಸಿ, ಅಗತ್ಯವಿದ್ದರೆ ಔಷಧ ಬದಲಿಸುತ್ತಾರೆ. ದೂರದೂರಿಗೆ ಹೊರಡುವವರು ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಲಿ. ಮಾಹಿತಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.