ಆಕ್ಸ್‌ಫರ್ಡ್ ನಗರದಲ್ಲೊಂದು ಕಾಲ್ನಡಿಗೆಯ ಪಾಠ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಬಂದಿಳಿದ ಪ್ರವಾಸಿಗರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ವಿಶ್ವವಿದ್ಯಾನಿಲಯ ಎಲ್ಲಿದೆ?’ ಎಂಬುದು. ಅದಕ್ಕೆ ಬೆರಳು ಮಾಡಿ ತೋರಿಸಬಹುದಾದ ಒಂದು ಕಟ್ಟಡವಿಲ್ಲ. ಮೂವತ್ತಕ್ಕೂ ಹೆಚ್ಚು ಕಾಲೇಜುಗಳು, ಅವುಗಳ ನಡುವಣ ಗ್ರಂಥಾಲಯ, ಸಭಾಭವನ, ಇಗರ್ಜಿಗಳು ಊರಿನ ಬೀದಿಗಳಲ್ಲಿ ಹರಡಿಕೊಂಡಿವೆ. ಆದುದರಿಂದ ಈ ವಿದ್ಯಾಕೇಂದ್ರವನ್ನು ಅರಿಯಬೇಕಾದವರು ಮಾರ್ಗದರ್ಶಿಯೊಬ್ಬನ ಹಿಂದೆ ನಡೆದೇ ಅರಿಯಬೇಕು. ಮಾರ್ಗದರ್ಶಿಗಳು ಕಟ್ಟಡಗಳ ಶೈಲಿಯನ್ನೂ ಶಿಲ್ಪಿಗಳ ಹೆಸರನ್ನೂ ಹೇಳುತ್ತಾರೆ, ಅವು ಬೇಕಾದವೇ. ಆದರೆ ವಿದ್ಯಾಸಂಸ್ಥೆಗಳ ಹೊಣೆ ಹೊತ್ತವರು ಪ್ರತಿಯೊಂದು ಬಾಗಿಲ ಮುಂದೆ ನಿಂತು ಕೇಳಬೇಕಾದುದು ಬೇರೆ: ಇದಕ್ಕೆ ಧನ ಕೊಟ್ಟವರಾರು? ಆ ಧನ ಎಲ್ಲಿಂದ ಬಂದಿತು? ಯಾರ ಸಲುವಾಗಿ ಕೊಟ್ಟರು? ಕೊಟ್ಟ ಮಾತು ಉಳಿಯಿತೆ?

ನಡಿಗೆ ಆರಂಭವಾಗುವುದು ನಾಲ್ಕು ಹಾದಿಗಳು ಕೂಡುವ ಕಾರ್‌ಫ್ಯಾಕ್ಸ್ ಎಂಬಲ್ಲಿ. ಇಲ್ಲಿದ್ದ ಸಂತ ಮಾರ್ಟಿನ್ನನ ಇಗರ್ಜಿಯನ್ನು ರಸ್ತೆ ಅಗಲಗೊಳಿಸುವ ಸಲುವಾಗಿ 1896ರಲ್ಲಿ ಕೆಡವಿದರು. 74 ಅಡಿಯ ಗೋಪುರ ಮಾತ್ರ ಉಳಿಯಿತು. ಇದೇ ಚೌಕದ ಮದ್ಯದಂಗಡಿಯೊಂದರಲ್ಲಿ 1355ರ ಫೆಬ್ರವರಿ 10ರಂದು ವಿದ್ಯಾರ್ಥಿಗಳಿಗೂ ಅಂಗಡಿಯವನಿಗೂ ಮದ್ಯದ ಗುಣದ ಬಗ್ಗೆ ಜಗಳ ಹತ್ತಿತು. ಮಾತು ಕೈಗೆ, ಕೈ ಬಿಲ್ಲುಬಾಣಗಳಿಗೆ ಏರಿ, ಮೂರು ದಿನಗಳ ಕಾಳಗದಲ್ಲಿ ಸುಮಾರು 63 ಮಂದಿ ವಿದ್ಯಾವಂತರೂ 30 ಮಂದಿ ಪುರಜನರೂ ಮಡಿದರೆಂದು ಹೇಳುತ್ತಾರೆ. ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾನಿಲಯದ ಪಕ್ಷ ವಹಿಸಿದನು. ಊರಿನ ರೊಟ್ಟಿ, ಮದ್ಯಗಳ ಬೆಲೆ ಮತ್ತು ತೂಕ-ಅಳತೆಗಳ ಮೇಲಣ ಅಧಿಕಾರವೂ ಪಂಡಿತರ ಕೈ ಸೇರಿತು! ನಗರಾಧ್ಯಕ್ಷನು ಪ್ರತಿವರ್ಷ ಪುರಪ್ರಮುಖರೊಡನೆ ಇಗರ್ಜಿಗೆ ಬಂದು ತಲೆಗೊಂದು ಪೆನ್ನಿಯಂತೆ ತಪ್ಪುಗಾಣಿಕೆ ಸಲ್ಲಿಸಬೇಕಾಯಿತು. ಈ ಅಪಮಾನ 1825ರವರೆಗೆ ನಡೆಯಿತು. ಆರು ನೂರು ವರ್ಷಗಳು ತುಂಬಿದ 1955ರಲ್ಲಿ ವಿಶ್ವವಿದ್ಯಾನಿಲಯ ನಗರಾಧ್ಯಕ್ಷರಿಗೆ ಗೌರವ ಪದವಿಯನ್ನೂ, ನಗರ ಕುಲಪತಿಗಳಿಗೆ ಗೌರವ ನಾಗರಿಕತ್ವವನ್ನೂ ನೀಡಿ ಹಗೆಯನ್ನು ಮುಗಿಸಿದವು. ಊರನ್ನು ಎದುರು ಹಾಕಿಕೊಂಡ ವಿದ್ಯಾಲಯ ಎಷ್ಟೇ ಗೆದ್ದರೂ ಅದು ಗೆಲುವೆನಿಸದು ಎಂಬುದಕ್ಕೆ ಇದಕ್ಕಿಂತ ದೀರ್ಘವಾದ ನಿದರ್ಶನ ದೊರೆಯುವುದು ಕಷ್ಟ.

ದಕ್ಷಿಣಕ್ಕೆ ಇಳಿದರೆ ಕ್ರೈಸ್ಟ್ ಚರ್ಚ್ ಕಾಲೇಜು. ಹಲವು ಸಣ್ಣ ಮಠಗಳನ್ನು ಮುಚ್ಚಿಸಿ, ಅವುಗಳ ಆಸ್ತಿಯಿಂದ ಕಾರ್ಡಿನಲ್ ವೂಲ್ಸೀ 1525ರಲ್ಲಿ ಇದನ್ನು ಆರಂಭಿಸಿದನು. ಅವನು ಪದಚ್ಯುತನಾದ ಬಳಿಕ ಎಂಟನೆಯ ಹೆನ್ರಿ 1546ರಲ್ಲಿ ಪುನಃ ಸ್ಥಾಪಿಸಿದನು. ಮಹಾದ್ವಾರದ ಗೋಪುರದ ಘಂಟೆ ರಾತ್ರಿ 9 ಗಂಟೆ 5 ನಿಮಿಷಕ್ಕೆ ನೂರೊಂದು ಬಾರಿ ಬಾರಿಸುತ್ತದೆ. ದತ್ತಿಯ ಮೇಲೆ ಓದುತ್ತಿದ್ದ ನೂರು ಮಂದಿಗೆ ಒಂದೊಂದು; ಅನಂತರ 1663ರಲ್ಲಿ ಸೇರಿದ ಮತ್ತೊಬ್ಬನಿಗೆ ಒಂದು. ಆಕ್ಸ್‌ಫರ್ಡ್ ಗ್ರೀನಿಚ್‌ಗಿಂತ ಪಶ್ಚಿಮಕ್ಕಿರುವುದರಿಂದ ಅಲ್ಲಿ ಹೊತ್ತು ಐದು ನಿಮಿಷ ತಡ. ಘಂಟೆ ಇಂದಿಗೂ ಆ ಹಳೆಯ ಲೆಕ್ಕವನ್ನು ಬಿಟ್ಟಿಲ್ಲ.

ಅಲ್ಲಿಂದ ಪೂರ್ವಕ್ಕೆ ಕಲ್ಲು ಹಾಸಿದ ಓಣಿಯಲ್ಲಿದೆ ಮರ್ಟನ್ ಕಾಲೇಜು. ನೋಟಕ್ಕೆ ಇದು ಇತರ ಕಾಲೇಜುಗಳಷ್ಟು ಭವ್ಯವಲ್ಲ. ಆದರೆ ಸಂಸ್ಥೆ ಕಟ್ಟುವವರು ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಇದೇ. ಇಂಗ್ಲೆಂಡಿನ ಚಾನ್ಸಲರ್ ಆಗಿದ್ದ ವಾಲ್ಟರ್ ಡಿ ಮರ್ಟನ್ 1264ರಲ್ಲಿ ವಿದ್ವಾಂಸರ ಪೋಷಣೆಗೆಂದು ತನ್ನ ಭೂಮಿಯನ್ನು ಬಿಟ್ಟುಕೊಟ್ಟನು. ಭೂಮಿ ಬಿಟ್ಟವರು ಬೇರೆಯೂ ಇದ್ದರು. ಮರ್ಟನ್ನನ ಹೆಚ್ಚುಗಾರಿಕೆ ಅವನು ಬರೆದಿಟ್ಟ ನಿಯಮಾವಳಿಯಲ್ಲಿದೆ. ಆಸ್ತಿಯ ಆದಾಯ ವಿದ್ವಾಂಸರ ಸಮುದಾಯಕ್ಕೆ ಸೇರತಕ್ಕದ್ದು; ಆಡಳಿತವನ್ನೂ ಆ ಸಮುದಾಯವೇ ನಡೆಸತಕ್ಕದ್ದು ಎಂದು ಅವನು ವಿಧಿಸಿದನು. ಅನಂತರದ ಕಾಲೇಜುಗಳಿಗೆ ಇದೇ ಮಾದರಿಯಾಯಿತು. ಆದರೂ ಅವನು ಸ್ವಂತ ಬಂಧುಗಳ ಮಕ್ಕಳಿಗೆ ಮೊದಲ ಹಕ್ಕನ್ನು ಕಾದಿರಿಸಿದ್ದನು. ಕನ್ನಡ ನಾಡಿನ ದತ್ತಿಶಾಸನಗಳನ್ನು ಓದಿದವರಿಗೆ ಈ ವಾತ್ಸಲ್ಯ ಅಪರಿಚಿತವೇನಲ್ಲ. ಇಲ್ಲಿಯ ಗ್ರಂಥಾಲಯ 1370ರ ದಶಕದ್ದು. ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲದ್ದು.

ಓಣಿ ದಾಟಿ ಹೈ ಸ್ಟ್ರೀಟಿಗೆ ಬಂದರೆ ಓರಿಯಲ್ ಕಾಲೇಜಿನ ಮುಖಮಂಟಪದ ಮೇಲೆ ಸೆಸಿಲ್ ರೋಡ್ಸ್‌ನ ಪ್ರತಿಮೆ ಕಾಣುತ್ತದೆ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ, ಆಫ್ರಿಕನ್ನರ ನೆಲವನ್ನು ಕಸಿದು ಶ್ರೀಮಂತನಾದ ಈತ 1902ರಲ್ಲಿ ತೀರಿಕೊಂಡಾಗ ಈ ಕಾಲೇಜಿಗೆ ಒಂದು ಲಕ್ಷ ಪೌಂಡುಗಳನ್ನು ಬಿಟ್ಟನು. ಅವನ ಮರಣಶಾಸನದಿಂದಲೇ ಪ್ರಸಿದ್ಧವಾದ ರೋಡ್ಸ್ ವಿದ್ಯಾರ್ಥಿವೇತನವೂ ಹುಟ್ಟಿತು. ಪ್ರತಿಮೆಯನ್ನು ತೆಗೆಯಬೇಕೆಂದು 2015ರಿಂದ ವಿದ್ಯಾರ್ಥಿಗಳು ಚಳವಳಿ ನಡೆಸಿದರು. ಕಾಲೇಜು ನೇಮಿಸಿದ ಆಯೋಗದ ಬಹುಮತವೂ ತೆಗೆಯುವುದರ ಪರವಾಗಿತ್ತು. ವೆಚ್ಚವನ್ನೂ ಕಾನೂನಿನ ತೊಡಕನ್ನೂ ಮುಂದಿಟ್ಟು 2021ರಲ್ಲಿ ಕಾಲೇಜು ಹಿಂದೆಗೆಯಿತು. ಇತ್ತ, ಧಾರವಾಡದ ಕರ್ನಾಟಕ ಕಾಲೇಜಿನ ಪದವೀಧರ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಬಂದುದು ಇದೇ ವಿದ್ಯಾರ್ಥಿವೇತನದ ಮೇಲೆ. ಅವರ ‘ಯಯಾತಿ’ ನಾಟಕ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಾಗ ಅವರು ಇಲ್ಲಿಯ ವಿದ್ಯಾರ್ಥಿ. ಕಳಂಕಿತ ಧನದಿಂದ ಸತ್ಫಲ ಬರಬಹುದು. ಫಲ ಬಂದಿತೆಂದು ಕಳಂಕ ತೊಳೆದು ಹೋಗುವುದಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳುವ ಮಾರ್ಗದರ್ಶಿಯೇ ಉತ್ತಮ ಮಾರ್ಗದರ್ಶಿ.

ರಸ್ತೆಯ ಆಚೆ ಬದಿಯ ಸಂತ ಮೇರಿಯ ಇಗರ್ಜಿಯನ್ನು ಬಳಸಿ ಹೋದರೆ ಆಲ್ ಸೋಲ್ಸ್ ಕಾಲೇಜು. ಮೈಸೂರಿನಲ್ಲಿ 1918ರಿಂದ 1921ರವರೆಗೆ ಪ್ರಾಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್ ಅವರು 1936ರಿಂದ 1952ರವರೆಗೆ ಪೌರಸ್ತ್ಯ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪೀಠವನ್ನು ಅಲಂಕರಿಸಿ ಈ ಕಾಲೇಜಿನ ಫೆಲೋ ಆಗಿದ್ದರು. ಇಲ್ಲಿಯ ಗ್ರಂಥಾಲಯ ಬಾರ್ಬಡೋಸ್ ದ್ವೀಪದಲ್ಲಿ ಗುಲಾಮರ ದುಡಿಮೆಯಿಂದ ಸಿರಿವಂತನಾದ ಕಾಡ್ರಿಂಗ್ಟನ್ ಎಂಬಾತನ ಧನದಿಂದಾದುದು. ದುಡಿದ ಗುಲಾಮರ ಸ್ಮರಣೆಗಾಗಿ 2018ರಲ್ಲಿ ಒಂದು ಫಲಕವನ್ನಿಟ್ಟು, 2020ರಲ್ಲಿ ಗ್ರಂಥಾಲಯಕ್ಕೆ ಅವನ ಹೆಸರನ್ನು ಬಳಸುವುದನ್ನು ಕಾಲೇಜು ನಿಲ್ಲಿಸಿತು.

ಎದುರಿಗೆ ಕಾಣುವ ದುಂಡನೆಯ ರ‍್ಯಾಡ್‌ಕ್ಲಿಫ್ ಭವನ ಚಿತ್ರಗಳಿಂದ ಎಲ್ಲರಿಗೂ ಪರಿಚಿತ. ಅದರ ಹಿಂದಣ ಬೋಡ್ಲಿಯನ್ ಗ್ರಂಥಾಲಯದ ಕಥೆ ಹೆಚ್ಚು ಸ್ವಾರಸ್ಯವಾದುದು. ಹಂಫ್ರಿ ಎಂಬ ರಾಜಕುಮಾರ ಕೊಟ್ಟ 280ಕ್ಕೂ ಹೆಚ್ಚು ಹಸ್ತಪ್ರತಿಗಳಿಗಾಗಿ 1488ರಲ್ಲಿ ತೆರೆದ ಗ್ರಂಥಾಲಯ ಮತಕ್ರಾಂತಿಯ ಕಾಲದಲ್ಲಿ ಬರಿದಾಯಿತು. 1556ರಲ್ಲಿ ವಿಶ್ವವಿದ್ಯಾನಿಲಯ ಅದರ ಪೀಠೋಪಕರಣಗಳನ್ನೂ ಮಾರಿತು. ಬರಿ ಗೋಡೆಗಳು ನಾಲ್ಕು ದಶಕ ನಿಂತವು. ರಾಜತಾಂತ್ರಿಕ ಸೇವೆಯಿಂದ ನಿವೃತ್ತನಾದ ಥಾಮಸ್ ಬೋಡ್ಲಿ ಅದನ್ನು ಪುನರುಜ್ಜೀವನಗೊಳಿಸಿ 1602ರಲ್ಲಿ ತೆರೆದನು. ಅವನ ಪತ್ನಿಗೆ ಮೊದಲ ಗಂಡನಿಂದ ಬಂದ ಮೀನು ವ್ಯಾಪಾರದ ಸಂಪತ್ತೂ ಇದಕ್ಕೆ ಒದಗಿತು. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿ ಇಲ್ಲಿಗೆ ಬರಬೇಕೆಂದು 1610ರಲ್ಲಿ ಮುದ್ರಕರ ಸಂಘದೊಡನೆ ಒಪ್ಪಂದ ಮಾಡಿಕೊಂಡುದು ಬೋಡ್ಲಿಯ ದೂರದೃಷ್ಟಿ. ಪುಸ್ತಕ ಹೊರಗೆ ಹೋಗಕೂಡದು ಎಂಬುದು ಅವನ ಕಟ್ಟುನಿಟ್ಟು. ದೊರೆ ಒಂದನೆಯ ಚಾರ್ಲ್ಸ್ 1645ರಲ್ಲಿ, ನಗರವೇ ಅವನ ನೆಲೆಯಾಗಿದ್ದ ಸಮಯದಲ್ಲಿ, ಒಂದು ಗ್ರಂಥವನ್ನು ಎರವಲು ಕೇಳಿದಾಗ ಗ್ರಂಥಪಾಲಕನು ನಿಯಮವನ್ನು ತೋರಿಸಿದನು, ದೊರೆ ಒಪ್ಪಿಕೊಂಡನು.

ಪಕ್ಕದ ಶೆಲ್ಡೋನಿಯನ್ ಸಭಾಭವನ ಪದವಿಪ್ರದಾನದ ಸ್ಥಳ. ಹೆಂಗಸರಿಗೆ ಇಲ್ಲಿ ಪದವಿ ದೊರೆತುದು 1920ರಿಂದ ಈಚೆಗೆ. ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ ಹೆಣ್ಣೆಂಬ ಕಾರಣಕ್ಕೆ ಸರಕಾರದ ವಿದ್ಯಾರ್ಥಿವೇತನದಿಂದ ವಂಚಿತಳಾಗಿ, ಹಿತೈಷಿಗಳು ಕೂಡಿಸಿದ ಹಣದಿಂದ 1889ರಲ್ಲಿ ಬಂದು, 1892ರಲ್ಲಿ ಕಾನೂನು ಪರೀಕ್ಷೆ ಮುಗಿಸಿದಳು. ಪದವಿಗಾಗಿ ಆಕೆ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು.

ನಡಿಗೆಯ ಕೊನೆಗೆ ಬ್ರಾಡ್ ಸ್ಟ್ರೀಟಿನ ಮೂಲೆಯಲ್ಲಿ, ನೆತ್ತಿಯ ಗಾಳಿಕೋಳಿಯ ಜಾಗದಲ್ಲಿ ಆನೆಯನ್ನು ಹೊತ್ತ ಕಟ್ಟಡವೊಂದು ಭಾರತೀಯರ ಕಣ್ಣನ್ನು ತಾನಾಗಿ ಸೆಳೆಯುತ್ತದೆ. ಸಂಸ್ಕೃತ ನಿಘಂಟುಕಾರ ಮೋನಿಯರ್ ವಿಲಿಯಮ್ಸ್ ಮೂರು ಬಾರಿ ಭಾರತಕ್ಕೆ ಬಂದು, ಇಲ್ಲಿಯ ರಾಜಮಹಾರಾಜರಿಂದಲೂ ದೇಣಿಗೆ ಪಡೆದು ಕಟ್ಟಿಸಿದ ‘ಇಂಡಿಯನ್ ಇನ್‌ಸ್ಟಿಟ್ಯೂಟ್’ ಇದು. ಶಂಕುಸ್ಥಾಪನೆ 1883ರಲ್ಲಿ ಆಯಿತು; 1896ರಲ್ಲಿ ಕಟ್ಟಡ ಪೂರ್ಣಗೊಂಡಿತು. ಈ ಶಾಲೆ ಪೌರಸ್ತ್ಯ ಶಾಸ್ತ್ರಗಳ ಅಧ್ಯಯನಕ್ಕೆ, ಭಾರತೀಯರ ಮತ್ತು ಆಂಗ್ಲರ ಉಪಯೋಗಕ್ಕೆ ಮೀಸಲು ಎಂದು ಬಾಗಿಲಿನ ಬಳಿಯ ಹಿತ್ತಾಳೆಯ ಫಲಕದಲ್ಲಿ ದೇವನಾಗರಿಯಲ್ಲಿ ಕೊರೆದಿದೆ. ವಿಶ್ವವಿದ್ಯಾನಿಲಯ ವಿರೋಧವನ್ನು ಬದಿಗೊತ್ತಿ 1968ರಲ್ಲಿ ಇದರ ಗ್ರಂಥಾಲಯವನ್ನು ಎದುರಿನ ಕಟ್ಟಡದ ಮೇಲಂತಸ್ತಿಗೆ ಸಾಗಿಸಿ, ಈ ಭವನವನ್ನು ಬೇರೆ ಕಾರ್ಯಗಳಿಗೆ ವಹಿಸಿತು. ಒಳಗೆ ಈಗ ನಡೆಯುವುದು ಬೇರೆಯೇ ಅಧ್ಯಯನ. ಬಾಗಿಲಿನ ಬಳಿಯ ಹಿತ್ತಾಳೆಯ ಫಲಕ ಮಾತ್ರ ಇದ್ದಲ್ಲಿಯೇ ಇದೆ.