ತಾರೀಖು ಒಂದೇ, ಕಾರಣ ಬೇರೆ ಬೇರೆ

ಕಾಲೇಜಿನ ಭಿತ್ತಿಪತ್ರಿಕೆಗೆ ‘ಈ ದಿನದ ವಿಶೇಷ’ ಬರೆಯುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಮೇಲೆ ‘ಜನವರಿ 26’ ಎಂದು ಬಣ್ಣದಲ್ಲಿ ಬರೆದು, ಕೆಳಗೆ 1788, 1831, 1930, 1950, 2001 ಎಂದು ಇಸವಿಗಳನ್ನು ಸಾಲಾಗಿ ಇಳಿಸಿಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಒಂದೊಂದು ಇಸವಿಯ ಹತ್ತಿರವೂ ನಿಂತು ಕೇಳಿ: ಈ ದಿನವನ್ನು ಯಾರಾದರೂ ಬೇಕೆಂದೇ ಆರಿಸಿಕೊಂಡರೋ, ಇಲ್ಲ ತಾನಾಗಿ ಬಂದು ಬಿತ್ತೋ?

1950ರದನ್ನೇ ತೆಗೆದುಕೊಳ್ಳಿ. ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಹಾಗಿದ್ದ ಮೇಲೆ ಎರಡು ತಿಂಗಳು ಕಾದದ್ದೇಕೆ? ಗ್ರಂಥಾಲಯದಲ್ಲಿ ಸಂವಿಧಾನದ ಪ್ರತಿ ಇದ್ದೇ ಇರುತ್ತದೆ, 394ನೇ ವಿಧಿ ತೆಗೆದು ನೋಡಿ. ಪೌರತ್ವ, ಚುನಾವಣಾ ಆಯೋಗದಂಥ ಕೆಲವು ವಿಧಿಗಳು ಕೂಡಲೇ ಜಾರಿ, ಉಳಿದದ್ದೆಲ್ಲ 1950ರ ಜನವರಿ 26ಕ್ಕೆ ಎಂದು ಅಲ್ಲಿ ಸ್ಪಷ್ಟವಾಗಿದೆ. ತಾರೀಖನ್ನು ವಿಧಿಯೊಳಗೇ ಬರೆದಿಟ್ಟಿದ್ದಾರೆ ಅಂದರೆ ಅದು ಆರಿಸಿಕೊಂಡ ದಿನ ಎಂದೇ ಅರ್ಥ.

ಆರಿಸಿಕೊಂಡ ಕಾರಣ ಇಪ್ಪತ್ತು ವರ್ಷ ಹಿಂದಿದೆ. 1929ರ ಡಿಸೆಂಬರಿನಲ್ಲಿ ಲಾಹೋರಿನ ರಾವಿ ನದಿಯ ದಂಡೆಯಲ್ಲಿ, ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿ ಎಂದು ನಿರ್ಣಯ ಮಾಡಿತು. ದೇಶದ ಊರೂರಿನಲ್ಲಿ ಜನ ಸೇರಿ ಪ್ರತಿಜ್ಞೆ ತೆಗೆದುಕೊಳ್ಳಲಿ ಎಂದು ಗೊತ್ತುಮಾಡಿದ ದಿನ 1930ರ ಜನವರಿ 26. ಅದು ಆ ತಿಂಗಳ ಕೊನೆಯ ಭಾನುವಾರ, ಅಷ್ಟೇ. ಪಂಚಾಂಗ ನೋಡಿ ಇಟ್ಟ ಮುಹೂರ್ತವೇನಲ್ಲ. ಅಲ್ಲಿಂದ ಮುಂದೆ ವರ್ಷವರ್ಷವೂ ಆ ದಿನವೇ ಸ್ವಾತಂತ್ರ್ಯ ದಿನ. ಆದರೆ ನಿಜವಾದ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ಅದನ್ನು ಗೊತ್ತುಮಾಡಿದವರು ವೈಸ್‌ರಾಯ್ ಮೌಂಟ್‌ಬ್ಯಾಟನ್, 1945ರಲ್ಲಿ ಜಪಾನ್ ಶರಣಾದ ದಿನದ ನೆನಪಿಗೆ. ನಮ್ಮವರು ಕಟ್ಟಿಕೊಂಡು ಬಂದಿದ್ದ ದಿನ ಹಾಗೇ ಖಾಲಿ ಉಳಿಯಿತು. ಗಣರಾಜ್ಯವನ್ನು ಅದರ ಮೇಲೆ ನಿಲ್ಲಿಸಿದ್ದು ಆ ಪ್ರತಿಜ್ಞೆಯ ಬಾಕಿ ತೀರಿಸಿದ ಹಾಗೆ.

ಇನ್ನು 1831. ಬೆಳಗಾವಿ ಜಿಲ್ಲೆಯ ನಂದಗಡದ ಹತ್ತಿರ ಆಲದ ಮರಕ್ಕೆ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇದೇ ಜನವರಿ 26ರಂದು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಆಕೆಯ ದತ್ತುಮಗ ಶಿವಲಿಂಗಪ್ಪನನ್ನು ಕಿತ್ತೂರಿನ ಗದ್ದುಗೆಗೆ ಕೂರಿಸಬೇಕೆಂದು ಹಟ ಹಿಡಿದವನು. ಜಮೀನು ಕಿತ್ತುಕೊಂಡು ಉಳಿದದ್ದಕ್ಕೆ ಮೈಮುರಿಯುವ ಕಂದಾಯ ಹಾಕಿದ ಕಂಪನಿ ಸರ್ಕಾರದ ಕಚೇರಿಗಳಿಗೇ ಬೆಂಕಿ ಇಟ್ಟ, ಖಜಾನೆ ಲೂಟಿ ಮಾಡಿದ. ಕಾಡಿನ ಕಾಳಗದಲ್ಲಿ ಕೈಗೆ ಸಿಗದವನನ್ನು 1830ರ ಏಪ್ರಿಲಿನಲ್ಲಿ ಮೋಸದಿಂದ ಹಿಡಿದರು. ಇಂದಿಗೂ ನಂದಗಡದ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿನ ಮರಕ್ಕೆ ತೊಟ್ಟಿಲು! ಭಿತ್ತಿಪತ್ರಿಕೆಗೆ ಅದೊಂದು ಚಿತ್ರ ಅಂಟಿಸಿ, ನೂರು ಸಾಲು ಉಳಿಯುತ್ತದೆ.

ಈಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು ನಿಮಗೂ ಬಂದಿರುತ್ತದೆ: ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಮಡಿದದ್ದು ಜನವರಿ 26, ಅದಕ್ಕೇ ದೇಶಕ್ಕೆ ಈ ಎರಡು ದಿನ ಸಿಕ್ಕಿದ್ದು ಎಂದು. ಓದಿ ಖುಷಿಪಡಿ, ಬೇಡ ಅನ್ನುವುದಿಲ್ಲ, ನನಗೂ ರೋಮಾಂಚನವಾಗುತ್ತದೆ. ಆದರೆ ಆ ‘ಅದಕ್ಕೇ’ ಎಂಬ ಮಾತನ್ನು ಗೋಡೆಯ ಮೇಲೆ ಬರೆಯಬೇಡಿ. ರಾಯಣ್ಣನ ದೊಡ್ಡಸ್ತಿಕೆಗೆ ತಾರೀಖಿನ ಊರುಗೋಲು ಬೇಕಿಲ್ಲ.

ಬರೆಯಲೇಬೇಕಾದ್ದು ಬೇರೆಯೇ ಇದೆ. 1950ರ ಆ ಗುರುವಾರ ನಂದಗಡ ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಮಂಗಳೂರು ಬಳ್ಳಾರಿಗಳು ಮದ್ರಾಸಿನಲ್ಲಿ, ಕಲಬುರಗಿಯು ನಿಜಾಮರು ರಾಜಪ್ರಮುಖರಾಗಿದ್ದ (ಅಂದರೆ ರಾಜ್ಯಪಾಲರ ಸ್ಥಾನದಲ್ಲಿದ್ದ) ಹೈದರಾಬಾದಿನಲ್ಲಿ. ಮೈಸೂರಿಗೆ ಜಯಚಾಮರಾಜೇಂದ್ರ ಒಡೆಯರೇ ರಾಜಪ್ರಮುಖರು. ಕೊಡಗು ತನ್ನ ಪಾಡಿಗೆ ತಾನು ಪ್ರತ್ಯೇಕ. ಗಣರಾಜ್ಯ ಒಂದೇ ದಿನ ಬಂದರೂ ಕನ್ನಡಿಗರು ಅದನ್ನು ಐದು ಕಡೆ ಹಂಚಿಹೋಗಿ ನೋಡಿದರು. ಒಂದಾಗಲು 1956ರ ನವೆಂಬರ್ 1 ಬರಬೇಕಾಯಿತು. ನಿಮ್ಮ ಊರು ಆ ದಿನ ಯಾವ ರಾಜ್ಯದಲ್ಲಿತ್ತು, ಮನೆಯ ಹಿರಿಯರನ್ನು ಕೇಳಿದ್ದೀರಾ?

1788ರದು ಆಸ್ಟ್ರೇಲಿಯಾದ ಕಥೆ. ಆರ್ಥರ್ ಫಿಲಿಪ್ ಹನ್ನೊಂದು ಹಡಗುಗಳಲ್ಲಿ ಕೈದಿಗಳನ್ನು ತಂದು ಸಿಡ್ನಿಯಲ್ಲಿ ಬ್ರಿಟಿಷ್ ಬಾವುಟ ನೆಟ್ಟ ದಿನ. ಅಲ್ಲಿನ ಸರ್ಕಾರಕ್ಕೆ ಅದು ರಾಷ್ಟ್ರೀಯ ಹಬ್ಬ. ಮೂಲನಿವಾಸಿಗಳು ಮಾತ್ರ 1938ರಲ್ಲೇ ಅದನ್ನು ಶೋಕದ ದಿನವೆಂದು ಆಚರಿಸಿದರು. ಇದನ್ನು ಬರೆಯುವಾಗ ಎರಡೂ ಮಾತು ಬರೆಯಿರಿ, ಒಂದನ್ನೇ ಬರೆದರೆ ಸುಳ್ಳಾಗುತ್ತದೆ.

2001ರದನ್ನು ಯಾರೂ ಆರಿಸಿದ್ದಲ್ಲ. ಬೆಳಿಗ್ಗೆ 8.46ಕ್ಕೆ ಕಛ್‌ನಲ್ಲಿ ಭೂಮಿ ನಡುಗಿದಾಗ ಅಂಜಾರ್ ಪಟ್ಟಣದ ಶಾಲಾಮಕ್ಕಳು ಬಾವುಟ ಹಿಡಿದು ಇಕ್ಕಟ್ಟಾದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರು. ಎರಡೂ ಕಡೆಯ ಮನೆಗಳು ಅವರ ಮೇಲೇ ಕುಸಿದವು, ನೂರಕ್ಕೂ ಹೆಚ್ಚು ಮಕ್ಕಳು ಹೋದರು. ಈ ಸಾಲಿಗೆ ಬಣ್ಣದ ಅಕ್ಷರ ಬೇಡ. ‘ಕಾಕತಾಳೀಯ’ ಎಂಬ ಶೀರ್ಷಿಕೆಯಂತೂ ಬೇಡವೇ ಬೇಡ.

ಆಗಸ್ಟ್ 15ರದನ್ನು ಈಗಿನಿಂದಲೇ ಶುರುಮಾಡಿ. ಅರವಿಂದರು ಹುಟ್ಟಿದ್ದು 1872ರ ಅದೇ ದಿನ. ಕೊರಿಯಾಕ್ಕೂ ಅದೇ ವಿಮೋಚನೆಯ ದಿನ. ಇವೆರಡರಲ್ಲಿ ನಮ್ಮ 1947ರ ಜೊತೆ ಬೇರು ಹಂಚಿಕೊಂಡದ್ದು ಯಾವುದು, ಬರೀ ತಾರೀಖು ಹಂಚಿಕೊಂಡದ್ದು ಯಾವುದು ಎಂದು ನೀವೇ ಹೇಳಿ.